ಗಿಳಿಹಸಿರು ಕಾಲುಚೀಲ

ನನಗೆ ನಲವತ್ತೆರಡು ವರ್ಷ. ಮೊಣಕಾಲಿನವರೆಗೆ ಬರುವ ಗಿಳಿಹಸಿರು ಬಣ್ಣದ ಕಾಲುಚೀಲವನ್ನು ಚೂಡಿದಾರದ ಪ್ಯಾಂಟಿನ ಮೇಲೆ ಏರಿಸಿಕೊಂಡು ಚಿಕ್ಕಬಾಣಾವರದಿಂದ ಪೀಣ್ಯಕ್ಕೆ ದಿನಾ ಸೈಕಲ್ ತುಳಿಯುತ್ತೇನೆ. ನೋಡುವವರು ನೋಡಿಕೊಳ್ಳಲಿ. ನಗುವವರು ನಗಲಿ, ಅವರ ಬಾಯಿ, ಅವರ ಹಲ್ಲು. ಮೊದಮೊದಲು ಕೇಳಿದವರಿಗೆಲ್ಲ ಕಾರಣ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ಇಲ್ಲಿ ಬರೆಯುತ್ತಿರುವುದು ನಡೆದದ್ದನ್ನು ಮಾತ್ರ.

ನಾನು ಕೆಲಸ ಮಾಡುವುದೇ ಕಾಲುಚೀಲದ ಫ್ಯಾಕ್ಟರಿಯಲ್ಲಿ, ಚೆಕಿಂಗ್ ಟೇಬಲ್ಲಿನಲ್ಲಿ. ಮಷೀನಿನಿಂದ ಇಳಿದದ್ದನ್ನು ಕಾಲಿನ ಆಕಾರದ ಹಲಗೆಗೆ ಏರಿಸಿ ಟ್ಯೂಬ್‌ಲೈಟಿನ ಕೆಳಗೆ ತಿರುಗಿಸಿ ನೋಡಬೇಕು. ಸೂಜಿ ತಪ್ಪಿದ ತೂತು, ಎದ್ದ ಎಳೆ, ಎಣ್ಣೆಯ ಗೆರೆ, ಒಂದು ಉದ್ದ ಇನ್ನೊಂದು ಗಿಡ್ಡ, ಇಂಥದ್ದು ಸಿಕ್ಕರೆ ಪಕ್ಕದ ರಿಜೆಕ್ಟ್ ಬುಟ್ಟಿಗೆ. ಆ ಬುಟ್ಟಿಯ ಮಾಲಿನ ಬೆರಳ ತುದಿಯನ್ನು ಸಂಜೆ ಕತ್ತರಿಯಿಂದ ಕತ್ತರಿಸಿಬಿಡುತ್ತಾರೆ, ಯಾರೂ ಹಾಕಿಕೊಳ್ಳಬಾರದು, ಮಾರಬಾರದು ಎಂದು. ಹನ್ನೊಂದು ವರ್ಷ ಊರವರ ಕಾಲಿಗೆಲ್ಲ ಚೀಲ ಆರಿಸಿಕೊಟ್ಟ ನಾನು ಒಂದು ದಿನವೂ ಹಾಕಿಕೊಂಡವಳಲ್ಲ. ನಮ್ಮಲ್ಲಿ ಯಾರೂ ಹಾಕುವುದಿಲ್ಲ. ಹಾಕಕೂಡದು, ಅದು ರೂಲ್ಸು.

ರೂಲ್ಸು ಬಂದದ್ದು ಹೀಗೆ. ನಾನು ಸೇರುವುದಕ್ಕೂ ಮುಂಚೆ ಯಾರೋ ಒಬ್ಬಳು ಒಂದರ ಮೇಲೊಂದು ಮೂರು ಜೊತೆ ಏರಿಸಿಕೊಂಡು ಗೇಟು ದಾಟಿದ್ದಳಂತೆ. ಅಂಥವಳೊಬ್ಬಳು ಇದ್ದಳೋ ಇಲ್ಲವೋ ದೇವರೇ ಬಲ್ಲ, ನೋಡಿದವರು ನನಗಂತೂ ಸಿಕ್ಕಿಲ್ಲ. ಅಂದಿನಿಂದ ಸಂಜೆ ಬಿಡುವಾಗ ಹೆಂಗಸರೆಲ್ಲ ಗೇಟಿನ ಪಕ್ಕದ ಪರದೆಯ ಹಿಂದೆ ಸಾಲಾಗಿ ಹೋಗಿ, ಪ್ಯಾಂಟಿನ ಅಂಚನ್ನೋ ಸೀರೆಯ ಅಂಚನ್ನೋ ಮೇಲೆತ್ತಿ, ಲೇಡಿ ಗಾರ್ಡಿಗೆ ಬರಿಗಾಲು ತೋರಿಸಿ ಹೊರಗೆ ಹೋಗಬೇಕು. ಹನ್ನೊಂದು ವರ್ಷ ನಾನೂ ಎತ್ತಿದೆ. ಬೇಸರವಿಲ್ಲ, ನಾಚಿಕೆಯಿಲ್ಲ, ಯೋಚನೆಯೂ ಇಲ್ಲ. ಗೇಟು ಬಂತೆಂದರೆ ಕೈ ತಾನಾಗಿಯೇ ಅಂಚಿಗೆ ಹೋಗುತ್ತಿತ್ತು. ಅದನ್ನು ನೆನೆದರೆ ಈಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಸೈಕಲ್ಲು ನನ್ನ ಮಗಳದ್ದು. ಹೈಸ್ಕೂಲಿನಲ್ಲಿ ಸರ್ಕಾರದವರು ಕೊಟ್ಟದ್ದು. ಕಾಲೇಜು ಸೇರಿದ ಮೇಲೆ ಅವಳಿಗೆ ಅದರ ಮೇಲೆ ಕೂರುವುದೇ ಅವಮಾನವಾಯಿತು, ಗೋಡೆಗೆ ಒರಗಿ ತುಕ್ಕು ಹಿಡಿಯುತ್ತಿತ್ತು. ಒಂದು ಭಾನುವಾರ ಗಾಳಿ ಹೊಡೆಸಿಕೊಂಡು ಬಂದು ನಾನೇ ಹತ್ತಿದೆ. ಚಿಕ್ಕಂದಿನಲ್ಲಿ ಕಲಿತದ್ದು ಕಾಲಿಗೆ ಮರೆತಿರಲಿಲ್ಲ. "ಹೆಂಗಸರಿಗೆ ಬಸ್ಸು ಫ್ರೀ ಇದೆಯಲ್ಲ, ಇದ್ಯಾವ ಹುಚ್ಚೇ ನಿಂಗೆ?" ಎಂದು ಗಂಡ ಕೇಳಿದರು. ಫ್ರೀ ಇದೆ ಸ್ವಾಮಿ, ಇಲ್ಲ ಎಂದವರು ಯಾರು? ಆದರೆ ಬೆಳಿಗ್ಗೆ ಆ ಬಸ್ಸಿನ ಮೆಟ್ಟಿಲಲ್ಲಿ ಒಂದು ಪಾದ ಊರಲು ಜಾಗ ಬೇಕಲ್ಲ. ಜಾಗ ಸಿಕ್ಕರೂ ನಾನು ಹತ್ತುವುದಿಲ್ಲ ಎನ್ನುವುದು ಬೇರೆ ಮಾತು. ಮನೆಯಲ್ಲಿ ಎದ್ದರೆ ಒಬ್ಬರಿಗೆ ತಿಂಡಿ, ಒಬ್ಬರಿಗೆ ಡಬ್ಬಿ. ಫ್ಯಾಕ್ಟರಿಯಲ್ಲಿ ಕೂತರೆ ಟಾರ್ಗೆಟ್ಟು. ಇವೆರಡರ ನಡುವೆ ಹೆಸರಘಟ್ಟ ರಸ್ತೆಯಲ್ಲಿ ಮುಕ್ಕಾಲು ಗಂಟೆ ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ಟ್ಯಾಂಕರು, ಟಿಪ್ಪರು, ಧೂಳು ಎಲ್ಲ ಇರಲಿ, ಆ ಮುಕ್ಕಾಲು ಗಂಟೆ ನನ್ನದು. ಅದನ್ನು ಬಿಡು ಎಂದವರ ಜೊತೆ ನಾನು ಜಗಳಕ್ಕೆ ನಿಲ್ಲುವವಳೇ.

ತೊಂದರೆ ಬಂದದ್ದು ಪ್ಯಾಂಟಿನಿಂದ. ನಮ್ಮ ಪ್ಯಾಂಟುಗಳ ಅಗಲ ನಿಮಗೆ ಗೊತ್ತಲ್ಲ. ಒಂದು ಬೆಳಿಗ್ಗೆ ಎಂಟನೇ ಮೈಲಿಯ ಹತ್ತಿರ ಬಲಗಾಲಿನ ಅಂಚನ್ನು ಚೈನು ಕಚ್ಚಿಕೊಂಡಿತು. ಸೈಕಲ್ಲು ಒಂದು ಕಡೆ, ನಾನು ಒಂದು ಕಡೆ. ಹಿಂದಿನಿಂದ ಬರುತ್ತಿದ್ದ ಟೆಂಪೋದವನು ಬ್ರೇಕು ಹಾಕಿದ, ಇಲ್ಲದಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ. ಹರಿದ ಅಂಚು, ಕಾಲತುಂಬ ಕಪ್ಪು ಎಣ್ಣೆ. ಹಾಗೆಯೇ ಹೋಗಿ ಟೇಬಲ್ಲಿಗೆ ಕೂತೆ. ಸೂಪರ್‌ವೈಸರು ಬಂದು ನಿಂತ. ನನಗಿಂತ ಹತ್ತು ವರ್ಷ ಚಿಕ್ಕವನು, ಕರೆಯುವುದು ಮಾತ್ರ ಏಕವಚನ.

"ಏನಮ್ಮಾ ಇದು, ಗ್ಯಾರೇಜಿಂದ ಎದ್ದು ಬಂದಿದ್ಯಾ? ಒಂದು ವೈಟ್ ಪೀಸ್‌ಗೆ ಆಯಿಲ್ ತಾಗಿದ್ರೆ ಇಡೀ ಲಾಟು ವಾಪಸ್ ಬರುತ್ತೆ. ನಾಳೆಯಿಂದ ಕಾಲು ಕ್ಲೀನಾಗಿರ್ಬೇಕು. ಆಗಲ್ವಾ, ಸೈಕಲ್ ಬಿಟ್ಟು ಬಸ್ಸಲ್ಲಿ ಬಾ."

ಬಿದ್ದೆಯಾ, ಪೆಟ್ಟಾಯಿತಾ ಎಂದು ಕೇಳಲಿಲ್ಲ ಪುಣ್ಯಾತ್ಮ. ಆದರೆ ಎಣ್ಣೆಯ ವಿಷಯದಲ್ಲಿ ಅವನು ಹೇಳಿದ್ದು ಸರಿಯಿತ್ತು, ಹಾಗಾಗಿ ಬಾಯಿ ಮುಚ್ಚಿಕೊಂಡೆ. ಅಂಚಿಗೆ ಪಿನ್ನು ಚುಚ್ಚಿ ನೋಡಿದೆ, ಕಾಲಿಗೇ ಚುಚ್ಚಿತು. ಹಳೆಯ ಟ್ಯೂಬು ಕತ್ತರಿಸಿ ರಬ್ಬರು ಹಾಕಿದೆ, ಸಂಜೆಯ ಹೊತ್ತಿಗೆ ಕಾಲು ಬಾತು ಬಳೆಯಂಥ ಗುರುತು ಬಿತ್ತು. ಪಕ್ಕದ ಟೇಬಲ್ಲಿನ ಗೆಳತಿ ಇದನ್ನೆಲ್ಲ ನೋಡಿ ನೋಡಿ ಸಾಕಾಗಿ ಒಂದು ಮಧ್ಯಾಹ್ನ ಊಟದ ಡಬ್ಬಿ ಪಕ್ಕಕ್ಕಿಟ್ಟಳು. ಅವಳು ಕುಣಿಗಲ್ ಕಡೆಯವಳು.

"ಇಂಗ್ಯಾಕೆ ಒದ್ದಾಡ್ತೀಯಕ್ಕ? ಇಸ್ಕೂಲ್ ಐಕ್ಳ ತರ ಉದ್ದುಕ್ಕಿರೋ ಕಾಲ್ಚೀಲ ಆಕ್ಕೊಂಡು ಪ್ಯಾಂಟ್ನ ಅದ್ರೊಳಿಕ್ಕೆ ತುರುಕ್ಬುಡು. ದಿನಾ ಅದ್ನೇ ನೋಡ್ತೀಯ, ನಿಂಗ್ ಒಳೀಲಿಲ್ವಾ?"

ಅಯ್ಯೋ ನನ್ನ ಬುದ್ಧಿಗಿಷ್ಟು! ನಿಜಕ್ಕೂ ಹೊಳೆದಿರಲಿಲ್ಲ. ಕಾಲುಚೀಲವೆಂದರೆ ನೋಡುವ ವಸ್ತು, ಹಾಕಿಕೊಳ್ಳುವ ವಸ್ತುವಲ್ಲ ಎಂದು ತಲೆಯಲ್ಲಿ ಕೂತುಬಿಟ್ಟಿತ್ತು.

ಆ ಭಾನುವಾರ ದಾಸರಹಳ್ಳಿಯ ಒಂದು ಸ್ಪೋರ್ಟ್ಸ್ ಅಂಗಡಿಗೆ ಹೋದೆ. ಉದ್ದದ ಸಾಕ್ಸ್ ಬೇಕು ಎಂದಾಗ ಅಂಗಡಿಯವರು, "ಮಗು ಎಷ್ಟನೇ ಕ್ಲಾಸು ಮೇಡಂ?" ಎಂದರು. ಮಗುವಿಗಲ್ಲ, ನನಗೆ ಎಂದೆ. ಅವರು ಹಲ್ಲು ಬಿಡಲಿಲ್ಲ, ಅಷ್ಟರಮಟ್ಟಿಗೆ ಒಳ್ಳೆಯವರು. ಚರ್ಮದ ಬಣ್ಣದ, ಹೆಬ್ಬೆರಳು ಬೇರೆ ಮಾಡಿದ, ಕಾಲಿನ ಹರಡಿಗೇ ನಿಲ್ಲುವ ತುಂಡು ಚೀಲಗಳನ್ನು ತೆಗೆದು ಮುಂದಿಟ್ಟು, "ಲೇಡೀಸಿಗೆ ಇದೇ ಬರೋದು" ಎಂದರು. ಹಾಗೆಂದು ಯಾರು ಬರೆದಿಟ್ಟಿದ್ದಾರೋ ಕಾಣೆ. ಹೆಂಗಸಿನ ಕಾಲು ಹರಡಿಗೇ ಮುಗಿದುಹೋಗುತ್ತದೆಯೇ? ಫುಟ್‌ಬಾಲಿನವರದ್ದು ತೆಗೆಯಿರಿ ಎಂದೆ.

ಅವರು ತೆಗೆದರು. ನಾನು ಶುರುಮಾಡಿದೆ. ಮೊದಲು ಮುಷ್ಟಿ ಒಳಗೆ ತೂರಿಸಿ ಮೇಲಿನ ಪಟ್ಟಿಯನ್ನು ಅಗಲಿಸಿ ಬಿಟ್ಟೆ. ತಟ್ಟನೆ ಮೊದಲಿನಂತೆ ಕೂಡಿಕೊಳ್ಳಬೇಕು. ನಿಧಾನಕ್ಕೆ ಬಂದರೆ ಹದಿನೈದು ದಿನಕ್ಕೆ ಅದು ಕಾಲಿನಿಂದ ಜಾರಿ ಪಾದದ ಮೇಲೆ ಬೀಳುತ್ತದೆ. ಆಮೇಲೆ ಮೀನಖಂಡದ ಜಾಗವನ್ನು ಬೆಳಕಿಗೆ ಹಿಡಿದೆ. ಎಲ್ಲ ಕಡೆ ಒಂದೇ ಬಿಗಿಯಾಗಿ ನೇಯ್ದದ್ದಾದರೆ ತುಳಿಯುವಾಗ ರಕ್ತ ಕಟ್ಟುತ್ತದೆ, ಹರಡಿಯಲ್ಲಿ ಬಿಗಿ, ಮೇಲೆ ಹೋಗುತ್ತಾ ಸಡಿಲವಾಗಬೇಕು. ಕೊನೆಗೆ ಒಳಮುಖ ಹೊರಗೆ ಮಾಡಿ ಬೆರಳ ಜಾಗ ಸವರಿದೆ. ಪಟ್ಟೆ ಪಟ್ಟೆ ಇರುವವುಗಳಲ್ಲಿ ಬಣ್ಣ ಬದಲಾಯಿಸಿದ ಕಡೆ ಒಳಗೆ ಉದ್ದುದ್ದ ಎಳೆ ಬಿಟ್ಟಿರುತ್ತಾರೆ. ಗಂಡಸರಿಗೆ ಅದು ಗೊತ್ತೇ ಆಗುವುದಿಲ್ಲ. ನಮಗೆ ಕಾಲುಂಗುರಕ್ಕೆ ಸಿಕ್ಕಿಕೊಂಡು ಒಂದು ಎಳೆ ಹೋದರೆ ಸಾಲೇ ಬಿಚ್ಚಿಕೊಳ್ಳುತ್ತದೆ. ಆರು ಜೊತೆಯನ್ನು ಪಕ್ಕಕ್ಕೆ ತಳ್ಳಿದೆ. ಅಂಗಡಿಯವರು ಟೀ ಕುಡಿಯುವುದನ್ನು ನಿಲ್ಲಿಸಿ ನನ್ನ ಕೈಯನ್ನೇ ನೋಡುತ್ತಿದ್ದರು. "ಮೇಡಂ, ನೀವು ಇದೇ ಲೈನಾ?" ಎಂದು ಕೇಳಿದರು. ಹನ್ನೊಂದು ವರ್ಷದಲ್ಲಿ ನನ್ನ ಕೆಲಸವನ್ನು ಗೌರವದಿಂದ ನೋಡಿದ ಮೊದಲನೆಯ ಮನುಷ್ಯ ಅವರೇ ಇರಬೇಕು. ಬಹಳ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಉಳಿದದ್ದು ಬಣ್ಣ. ನಮ್ಮ ಫ್ಯಾಕ್ಟರಿಯಲ್ಲಿ ಮಾಡುವುದು ಬಿಳಿ, ಕಪ್ಪು, ಬೂದು, ಕಡುನೀಲಿ. ಆ ನಾಲ್ಕನ್ನೂ ಮುಟ್ಟಲಿಲ್ಲ. ನಾಳೆ ಯಾರಾದರೂ ನಿಮ್ಮ ಕಂಪನಿಯದ್ದಾ ಎಂದು ಕೇಳಿದರೆ ಉತ್ತರ ಬಣ್ಣವೇ ಹೇಳಲಿ ಎಂದು ಗಿಳಿಹಸಿರು ಆರಿಸಿದೆ. ಕಣ್ಣು ಕುಕ್ಕುವಂತಿತ್ತು. ಇರಲಿ, ಟಿಪ್ಪರಿನವನಿಗೂ ಕಾಣುತ್ತದೆ ಎಂದುಕೊಂಡೆ.

ಸೋಮವಾರ ಹಾಕಿಕೊಂಡು ಹೊರಟೆ. ಪ್ಯಾಂಟು ಒಳಗೆ ಭದ್ರ, ಚೈನು ತನ್ನ ಪಾಡಿಗೆ, ಕಾಲು ಎಂದೂ ಅಷ್ಟು ಹಗುರಾಗಿ ತಿರುಗಿರಲಿಲ್ಲ. ಸಿಗ್ನಲ್ಲಿನಲ್ಲಿ ಒಬ್ಬ ಆಟೋದವನು ತಲೆ ಹೊರಗೆ ಹಾಕಿ, "ಏನಕ್ಕಾ, ಫುಟ್‌ಬಾಲ್ ಮ್ಯಾಚಾ?" ಎಂದ. "ಹೂಂ ಕಣಣ್ಣ, ಒಬ್ರು ಕಮ್ಮಿ ಬಿದ್ದವ್ರೆ, ಬರ್ತೀಯಾ?" ಎಂದೆ. ಅವನ ಸವಾರಿಯವರೇ ನಕ್ಕರು.

ಫ್ಯಾಕ್ಟರಿಯೊಳಗೆ ಚಪ್ಪಲಿಯ ಜೊತೆಗೆ ಅದನ್ನೂ ಬಿಚ್ಚಿಟ್ಟು ಬರಿಗಾಲಲ್ಲಿ ಕೆಲಸ ಮಾಡಿದೆ. ತಪ್ಪು ಮಾಡಿದ್ದು ಸಂಜೆ. ಸೈಕಲ್ ಸ್ಟ್ಯಾಂಡು ಗೇಟಿನ ಒಳಗೇ ಇರುವುದು. ಮನೆಗೆ ಹೊರಡುವ ಖುಷಿಯಲ್ಲಿ ಅಲ್ಲಿಯೇ ಏರಿಸಿಕೊಂಡು, ಸೈಕಲ್ಲು ತಳ್ಳಿಕೊಂಡು ಬಂದು, ಪರದೆಯ ಹಿಂದೆ ಸಾಲಿನಲ್ಲಿ ನಿಂತುಬಿಟ್ಟೆ. ಲೇಡಿ ಗಾರ್ಡು ಯಾದಗಿರಿ ಕಡೆಯ ಹೆಂಗಸು, ನನಗಿಂತ ಹಿರಿಯರು, ಏಜೆನ್ಸಿಯಿಂದ ಬಂದವರು. ನನ್ನ ಕಾಲು ನೋಡಿ ಬಾಯ ಮೇಲೆ ಕೈಯಿಟ್ಟುಕೊಂಡರು.

"ಅಯ್ಯ ಯವ್ವಾ, ಇದೇನ ಹಾಕ್ಕೊಂಡು ನಿಂತಿ? ತಗಿ, ತಗಿ, ನನ್ನ ನೌಕರಿ ಕಳೀತಿ ನೀ."

ಬಿಚ್ಚಿದೆ. ಹಾವೂ ಸಾಯದೆ ಕೋಲೂ ಮುರಿಯದೆ ಇರಲಿ ಎಂದು ಮಾರನೆಯ ದಿನದಿಂದ ಒಂದು ದಾರಿ ಮಾಡಿಕೊಂಡೆವು. ನಾನು ಕಾಲುಚೀಲ ಕೈಯಲ್ಲಿ ಹಿಡಿದು ಬರುವುದು, ಅವರಿಗೆ ತೋರಿಸುವುದು, ಅಂಚು ಎತ್ತಿ ಬರಿಗಾಲು ತೋರಿಸುವುದು, ಹೊರಗೆ ಹೋಗಿ ಚರಂಡಿಯ ಪಕ್ಕ ಒಂಟಿಕಾಲಲ್ಲಿ ನಿಂತು ಹಾಕಿಕೊಳ್ಳುವುದು. ಹತ್ತು ದಿನ ಹಾಗೆ ಮಾಡಿದೆ. ಹೋಗಲಿ ಬಿಡು ಎಂದುಕೊಂಡೆ. ನನ್ನ ಜೀವನದಲ್ಲಿ ಅತಿ ಹೆಚ್ಚು ಹೇಳಿಕೊಂಡ ಮಾತು ಬಹುಶಃ ಅದೇ.

ಹನ್ನೊಂದನೆಯ ದಿನ ಸೂಪರ್‌ವೈಸರು ಗೇಟಿನ ಬಳಿ ಇದ್ದ. ಪರದೆಯಿಂದ ಹೊರಬಂದ ನನ್ನ ಕೈಯಲ್ಲಿ ಹಸಿರು ಕಂಡು, "ಏನದು? ಕೊಡಿಲ್ಲಿ" ಎಂದು ಕಿತ್ತುಕೊಂಡ. ಎಳೆದು ನೋಡಿದ. ತಿರುಗಿಸಿ ನೋಡಿದ. ಆಮೇಲೆ ಮೂಗಿನ ಹತ್ತಿರ ಹಿಡಿದು ಮೂಸಿದ. ನಮ್ಮ ಕೆಲಸದವರಿಗೆ ಅದರ ಅರ್ಥ ಗೊತ್ತು. ಇಸ್ತ್ರಿ ಮಾಡುವ ಬಿಸಿ ಅಚ್ಚಿನಿಂದ ಇಳಿದ ಹೊಸ ಮಾಲಿಗೆ ಒಂದು ವಾಸನೆ ಇರುತ್ತದೆ, ಹೊಸದೋ ಹಳೆಯದೋ ಮೂಗೇ ಹೇಳುತ್ತದೆ. ಅವನು ಮುಖ ಸಿಂಡರಿಸಿ, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ, "ಹೊಸದಲ್ಲ ಬಿಡ್ರಪ್ಪ, ಗ್ಯಾರಂಟಿ ಕಾಲು ವಾಸ್ನೆ!" ಎಂದ. ಎಲ್ಲರೂ ನಕ್ಕರು. ಗಂಡಸರು ನಕ್ಕರು, ಹೆಂಗಸರು ನಕ್ಕರು, ನನ್ನ ಗೆಳತಿಯೂ ಸೆರಗು ಬಾಯಿಗೆ ಹಿಡಿದು ನಕ್ಕಳು.

ನನ್ನ ಮೈಯೆಲ್ಲ ಉರಿಯಿತು. "ಸಾರ್, ಇದು ನಮ್ಮ ಮಾಲಲ್ಲ. ಈ ಬಣ್ಣ ನಮ್ಮಲ್ಲಿಲ್ಲ. ಬೆರಳ ಹೊಲಿಗೆ ನೋಡಿ, ನಮ್ಮದು ಹೀಗಿರಲ್ಲ. ನಿಮಗೇ ಗೊತ್ತಲ್ವಾ?" ಎಂದೆ.

"ನಂಗೊತ್ತಮ್ಮ, ಇದು ನಮ್ಮದಲ್ಲ. ಆದ್ರೆ ಇವತ್ತು ನಿನ್ನ ಬಿಟ್ರೆ ನಾಳೆ ಎಲ್ರೂ ಹಾಕ್ಕೊಂಡು ಬರ್ತಾರೆ. ಒಂದ್ ಕೆಲ್ಸ ಮಾಡು, ಬೆರಳ ಹತ್ರ ಕಟ್ ಮಾಡ್ಕೊಂಡು ಬಾ, ರಿಜೆಕ್ಟ್ ಪೀಸ್ ಥರ. ಆಮೇಲೆ ಯಾರೂ ಕೇಳಲ್ಲ. ಆಗಲ್ವಾ, ಸಾಕ್ಸೂ ಬೇಡ, ಸೈಕಲ್ಲೂ ಬೇಡ."

ಗೊತ್ತಂತೆ! ಗೊತ್ತಿಲ್ಲದೆ ಅನುಮಾನಪಟ್ಟಿದ್ದರೆ ಕ್ಷಮಿಸುತ್ತಿದ್ದೆ. ಗೊತ್ತಿದ್ದೂ ಮೂಸಿದನಲ್ಲ, ಅದು ನನಗೆ ಸಹಿಸಲಾಗಲಿಲ್ಲ.

ಮನೆಗೆ ಬಂದು ಕತ್ತರಿ ಎತ್ತಿಕೊಂಡದ್ದು ನಿಜ. "ಕಟ್ ಮಾಡ್ಬಿಡೇ, ತುದಿ ಇದ್ರೇನು ಬಿಟ್ರೇನು, ಚೈನಿಗೆ ಸಿಗ್ದೆ ಇದ್ರೆ ಸಾಕಲ್ವಾ?" ಎಂದರು ಗಂಡ. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ತುದಿ ಕತ್ತರಿಸಿದರೂ ಸೈಕಲ್ಲು ಓಡುತ್ತಿತ್ತು. ಕತ್ತರಿ ಹಿಡಿದು ಕೂತವಳಿಗೆ ದಿನಾ ಸಂಜೆ ನಮ್ಮಲ್ಲಿ ಕತ್ತರಿಸುವ ಬುಟ್ಟಿ ನೆನಪಾಯಿತು. ತೂತು ಬಿದ್ದದ್ದನ್ನು, ಸೊಟ್ಟ ಇದ್ದದ್ದನ್ನು, ಎಣ್ಣೆ ಹಿಡಿದದ್ದನ್ನು ಅಲ್ಲಿಗೆ ಹಾಕುವವಳು ನಾನೇ. ಇದರಲ್ಲಿ ಒಂದು ದೋಷವಿದ್ದರೆ ನಾನೇ ಮೊದಲು ಕತ್ತರಿಸುತ್ತಿದ್ದೆ. ಇರಲಿಲ್ಲ. ಆರು ಜೊತೆ ತಳ್ಳಿ ಆರಿಸಿದ ಮಾಲು ಅದು. ಕತ್ತರಿ ಒಳಗಿಟ್ಟು, ಸೋಪು ಹಚ್ಚಿ ಒಗೆದು ಹರವಿದೆ.

ಮಾರನೆಯ ಸಂಜೆ ಸ್ಟ್ಯಾಂಡಿನಲ್ಲಿಯೇ ಎರಡೂ ಕಾಲಿಗೆ ಮೊಣಕಾಲಿನವರೆಗೆ ಏರಿಸಿಕೊಂಡೆ. ಕೆಲಸ ಹೋದರೆ ಮಗಳ ಕಾಲೇಜು ಏನಾಗುತ್ತದೆ ಎಂದು ಒಂದು ಮನಸ್ಸು, ಹೋದರೆ ಹೋಗಲಿ ಎಂದು ಇನ್ನೊಂದು. ಸೂಪರ್‌ವೈಸರು ಗೇಟಿನಲ್ಲಿ ಕಾದೇ ಇದ್ದ. "ಊರಿಗೆ ಬಂದೋಳು ನೀರಿಗೆ ಬರ್ದೇ ಇರ್ತಾಳಾ" ಎಂದು ಯಾರಿಗೋ ಹೇಳುತ್ತಿದ್ದುದು ಕೇಳಿಸಿತು. ನಾನು ಪರದೆಯ ಹಿಂದೆ ಹೋಗಲಿಲ್ಲ. ಗಾರ್ಡಿನ ಪ್ಲಾಸ್ಟಿಕ್ ಕುರ್ಚಿಯನ್ನು ಹೊರಗೆ, ಎಲ್ಲರ ಎದುರಿಗೆ ಎಳೆದುಕೊಂಡು ಕೂತೆ. ಬಲಗಾಲನ್ನು ಮುಂದಕ್ಕೆ ಚಾಚಿದೆ.

"ಕಟ್ ಮಾಡ್ಲಿಲ್ವಾ?" ಎಂದ ಅವನು.

"ಇಲ್ಲ ಸಾರ್. ತೆಗೆಯೋದೂ ಇಲ್ಲ. ನನ್ನ ಕಾಲು ನಾನು ಇನ್ನು ತೋರಿಸಲ್ಲ. ನಿಮಗೆ ಡೌಟಿದ್ರೆ ನೀವೇ ತೆಗೆದು ನೋಡ್ಕೊಳ್ಳಿ."

ತೆಗೆಯಬೇಕೆಂದರೆ ಅವನು ಬಗ್ಗಬೇಕು. ಬಗ್ಗಿ ಚೆಕಿಂಗ್ ಟೇಬಲ್ಲಿನ ಹೆಂಗಸೊಬ್ಬಳ ಪಾದ ಹಿಡಿಯಬೇಕು, ಇನ್ನೂರು ಜನರ ಮುಂದೆ. ಅವನು ಬಗ್ಗಲಿಲ್ಲ. ಮುಖ ಕೆಂಪಾಯಿತು. ಹಿಂದಿನಿಂದ ಯಾರೋ, "ತೆಗ್ದ್‌ಬಿಡಕ್ಕಾ, ನಮ್ ಬಸ್ ಹೋಗುತ್ತೆ" ಎಂದು ಗೊಣಗಿದರು. ಆ ಮಾತಿಗೆ ನನ್ನ ಕಣ್ಣು ತುಂಬಿಕೊಂಡಿತು. ಆದರೂ ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಏಯ್, ನೀನ್ ತೆಗಿಯಮ್ಮ" ಎಂದ ಅವನು ಗಾರ್ಡಿಗೆ.

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಅವರು ನನಗಿಂತ ಹಿರಿಯರು. ಅವರು ಬಂದು ನನ್ನ ಕಾಲು ಹಿಡಿದರೆ ಆ ಪಾಪವನ್ನು ನಾನು ಎಲ್ಲಿ ತೊಳೆದುಕೊಳ್ಳಲಿ? ಅವರು ಮುಂದೆ ಬಂದರು. ಇನ್ನೇನು ನಾನೇ ಎದ್ದು ಬಿಚ್ಚಿಬಿಡಬೇಕು ಎಂದುಕೊಳ್ಳುವಷ್ಟರಲ್ಲಿ ನನ್ನ ಪಕ್ಕ ನಿಂತು ಅವನ ಕಡೆ ತಿರುಗಿದರು.

"ನಾ ಒಲ್ಲೆರಿ. ದಿನಾ ನೋಡು ಅಂದ್ರಿ, ನೋಡೀನಿ. ಆಕೀ ಕಾಲ ನಾ ಮುಟ್ಟಂಗಿಲ್ಲ. ನಿಮಗ ನೋಡಬೇಕಂದ್ರ ನೀವ ಕುಂದರ್ರಿ."

ಏಜೆನ್ಸಿಗೆ ಒಂದು ಫೋನು ಹೋದರೆ ನಾಳೆ ಬರಬೇಡ ಎನ್ನುತ್ತಾರೆ, ಅದು ಅವರಿಗೂ ಗೊತ್ತಿತ್ತು. ಸೂಪರ್‌ವೈಸರು ನನ್ನನ್ನು ನೋಡಿದ, ಅವರನ್ನು ನೋಡಿದ, ಬಸ್ಸಿನ ಗೊಣಗಾಟವೂ ನಿಂತ ಸಾಲನ್ನು ನೋಡಿದ. "ಡ್ರಾಮಾ ಮಾಡ್ಬೇಡ, ಹೋಗು, ಹೋಗು" ಎನ್ನುತ್ತಾ ಬಾರದ ಫೋನನ್ನು ಕಿವಿಗೆ ಹಿಡಿದುಕೊಂಡು ಒಳಗೆ ಹೋದ.

ಕಥೆ ಇಲ್ಲಿಗೆ ಮುಗಿಯಿತು ಎಂದೇ ಆ ರಾತ್ರಿ ಮಲಗಿದೆ. ಗೆದ್ದೆ ಎಂದುಕೊಂಡಿದ್ದೆ. ಮಾರನೆಯ ಸಂಜೆ ಕಾಲುಚೀಲ ಹಾಕಿಕೊಂಡೇ ಪರದೆಯ ಹತ್ತಿರ ಬಂದೆ. ಗಾರ್ಡು ನನ್ನನ್ನು ನೋಡಿ ಸಣ್ಣಗೆ ನಕ್ಕು, "ನೀ ನಡಿ ಯವ್ವಾ" ಎಂದು ದಾರಿ ಬಿಟ್ಟರು. ಎರಡು ಹೆಜ್ಜೆ ಹೋದವಳು ಹಿಂದಿರುಗಿ ನೋಡಿದೆ. ನನ್ನ ಹಿಂದೆ ಗೆಳತಿ ನಿಂತಿದ್ದಳು, ಮೊನ್ನೆ ಸೆರಗು ಹಿಡಿದು ನಕ್ಕವಳು. ಯಾರೂ ಹೇಳುವ ಮೊದಲೇ ಬಗ್ಗಿ ಸೀರೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿ ನಿಂತಿದ್ದಳು.

"ಅಕ್ಕಾ, ಇವಳದ್ದು?" ಎಂದು ಕೇಳಿದೆ.

"ಆಕೀದು ನೋಡಬೇಕಲ್ಲ ತಂಗಿ. ರೂಲ್ಸ್ ಐತಿ. ನೀ ನಡಿ, ನಿನಗ ಯಾರೂ ಏನೂ ಅನ್ನಂಗಿಲ್ಲ."

ತಳ್ಳಿಕೊಂಡು ಬಂದ ಸೈಕಲ್ಲು ಗೇಟಿನ ಪಕ್ಕದಲ್ಲೇ ನಿಂತಿತ್ತು. ನಾನು ಹೋಗಬಹುದಿತ್ತು. ಹಿಂದಕ್ಕೆ ಬಂದೆ. ಅದೇ ಕುರ್ಚಿಯಲ್ಲಿ ಕೂತು ಕಾಲು ಚಾಚಿದೆ.

"ಹಾಗಾದ್ರೆ ನಂದೂ ನೋಡಿ. ತೆಗೀರಿ."

ಅವರು ನನ್ನ ಮುಖ ನೋಡಿದರು. ಕಣ್ಣಲ್ಲಿ ಸಿಟ್ಟು ಬಂದು ಹೋಯಿತು. ಗೇಟಿನ ಕಡೆ ನೋಡಿದರು, ಸೂಪರ್‌ವೈಸರು ಇರಲಿಲ್ಲ. ಉದ್ದವಾಗಿ ಉಸಿರು ಬಿಟ್ಟು, "ನಡೀರಿ, ನಡೀರಿ, ಎಲ್ಲಾರೂ ನಡೀರಿ" ಎಂದು ಪರದೆಯನ್ನು ಪಕ್ಕಕ್ಕೆ ಸರಿಸಿ ಹಿಡಿದರು.

ಗೆಳತಿ ಅರ್ಥವಾಗದೆ ಹಾಗೆಯೇ ನಿಂತಿದ್ದಳು. "ಎತ್ತೋದ್ ಬ್ಯಾಡ್ವಾ ಅಕ್ಕ?" ಎಂದಳು.

"ಬೇಡ ಕಣೆ, ಬಿಡು."

ಅವಳು ಕೈ ಬಿಟ್ಟಳು. ಸೀರೆ ಇಳಿದು ಅವಳ ಪಾದ ಮುಚ್ಚಿತು.